ಅತ್ತೆಯವರ ತಟ್ಟೆಯಲ್ಲಿ ಉಳಿಯುವ ಮುದ್ದೆ

ಪ್ರಶ್ನೆ: ನಾನು ತಿಪಟೂರಿನವಳು. ಮದುವೆಯಾಗಿ ಚಿಕ್ಕಬಳ್ಳಾಪುರದಲ್ಲಿದ್ದೇನೆ, ಶಾಲೆಯಲ್ಲಿ ಶಿಕ್ಷಕಿ. ಎಂಟು ತಿಂಗಳ ಹಿಂದೆ ಮಾವನವರು ತೀರಿಕೊಂಡ ಮೇಲೆ ಚಿಂತಾಮಣಿ ತಾಲ್ಲೂಕಿನ ಹಳ್ಳಿಯಿಂದ ಅತ್ತೆಯವರನ್ನು ಮನೆಗೆ ಕರೆತಂದೆವು. ಅವರಿಗೆ 71 ವರ್ಷ. ಬಂದಾಗ 52 ಕಿಲೊ ಇದ್ದವರು ಈಗ 46ಕ್ಕೆ ಇಳಿದಿದ್ದಾರೆ. ಬಿಸಿಯಾಗಿ ಬಡಿಸಿ ಮುಂದಿಟ್ಟರೂ "ಹಸಿವಿಲ್ಲ" ಎನ್ನುತ್ತಾರೆ. ನಾನು ಕುಕ್ಕರಿನಲ್ಲಿ ಮಾಡುವ ಮುದ್ದೆಯನ್ನು ನೋಡಿ "ಇದು ಸಂಗಟಿಯೇ ಅಲ್ಲ" ಎನ್ನುತ್ತಾರೆ. ಎಲ್ಲೋ ಒಂದು ಭಾನುವಾರ ತಾವೇ ಒಲೆಯ ಮುಂದೆ ನಿಂತರೆ ಲೆಕ್ಕಕ್ಕಿಂತ ಒಂದು ದೊಡ್ಡ ಮುದ್ದೆಯನ್ನು ಹೆಚ್ಚಿಗೆ ಕಟ್ಟಿ ಮುಚ್ಚಿಡುತ್ತಾರೆ. ಹುರುಳಿ, ಒಣ ಅವರೆಯ ಡಬ್ಬಿಗಳನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ. ಮಕ್ಕಳಿಬ್ಬರೂ ಮುದ್ದೆ ಮುಟ್ಟುವುದಿಲ್ಲ. ನಮ್ಮ ಯಜಮಾನರು "ಅಮ್ಮನ ಕೈರುಚಿ ನಿನಗೆ ಬರಲಿಲ್ಲ" ಎಂದು ಎದ್ದು ಹೋಗುತ್ತಾರೆ. ಬೆಳಗ್ಗೆ ಎಂಟೂವರೆಯ ಬಸ್ ಹಿಡಿಯುವ ನಾನು ಇನ್ನೆಷ್ಟು ಮಾಡಲಿ? ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಮುದ್ದೆಯಲ್ಲ, ಆ ಆರು ಕಿಲೊ. ಪ್ರಯತ್ನಪಡದೆ ಆರರಿಂದ ಹನ್ನೆರಡು ತಿಂಗಳೊಳಗೆ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೇ ವಯಸ್ಸಾದವರಲ್ಲಿ ಕಾರಣ ಹುಡುಕಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ನಿಮ್ಮ ಅತ್ತೆಯವರಲ್ಲಿ ಅದು ಹನ್ನೊಂದನ್ನು ದಾಟಿದೆ. ದುಃಖ ಎಂದು ನಾವೇ ತೀರ್ಮಾನಿಸಿ ಕೂರುವ ಹಾಗಿಲ್ಲ. ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ, ತೂಕ ಇಳಿದ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸಿ. ಸಕ್ಕರೆ, ಥೈರಾಯ್ಡ್, ರಕ್ತಹೀನತೆ, ಬಿ12, ಕ್ಷಯ ಇವೆಲ್ಲವನ್ನೂ ನೋಡಿಸಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವರಲ್ಲಿ ಅದು ಹಸಿವನ್ನು ತಗ್ಗಿಸುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಅನ್ನೂ ಕಡಿಮೆ ಮಾಡಬಹುದು. ಹಲ್ಲನ್ನೂ ನೋಡಿಸಿ. ಆದರೆ ಅವರು ಚಪಾತಿಯ ಜೊತೆಗೆ ಮುದ್ದೆಯನ್ನೂ ಬಿಡುತ್ತಿದ್ದಾರೆ ಎಂದಾದರೆ ಹಲ್ಲೊಂದೇ ಕಾರಣವಾಗಿರಲಾರದು, ಏಕೆಂದರೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವಾಗ ಕೆಮ್ಮು ಬರುತ್ತದೆಯೇ, ನೀರು ಕುಡಿದರೆ ಗಂಟಲಿಗೆ ಹತ್ತುತ್ತದೆಯೇ ಎಂದು ಎರಡು ದಿನ ಗಮನಿಸಿ. ಹಾಗಿದ್ದರೆ ಅದನ್ನು ವೈದ್ಯರಿಗೆ ಹೇಳುವವರೆಗೆ ಮುದ್ದೆ ಬೇಡ. ನೀರು ಹತ್ತುವವರಿಗೆ ತೆಳ್ಳಗಿನ ಅಂಬಲಿಯೂ ಹತ್ತಬಹುದು, ಆದ್ದರಿಂದ ತಡಮಾಡದೆ ಏನು ಕೊಡಬೇಕೆಂದು ವೈದ್ಯರನ್ನೇ ಕೇಳಿ.

ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ ಎಂದರೂ ಕಾಯಿಲೆ ಇಲ್ಲವೆಂದಲ್ಲ. ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, "ನಾನಿದ್ದು ಏನು ಪ್ರಯೋಜನ" ಎನ್ನುವುದು ಕಂಡರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಇನ್ನು ನೀವು ಕೇಳಿದ ಪ್ರಶ್ನೆ. ನಾನು ಪೋಷಣಾಶಾಸ್ತ್ರ ಕಲಿತು, ಕೋಲಾರ ಜಿಲ್ಲೆ 2007ರಲ್ಲಿ ಇಬ್ಭಾಗವಾಗುವುದಕ್ಕೆ ಮೊದಲೂ ಆಮೇಲೂ ಆ ಹಳ್ಳಿಗಳ ಮನೆಮನೆಗೆ ಹೋಗಿ ಯಾರು ಎಷ್ಟು ಉಣ್ಣುತ್ತಾರೆ ಎಂದು ಬರೆದುಕೊಂಡವಳು. "ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನು ಊಟ ಮಾಡಿದಿರಿ?" ಎಂದು ಕೇಳುವುದು ನಮ್ಮ ಕ್ರಮ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಹೆಚ್ಚಿನವರು ಆ ಪ್ರಶ್ನೆಗೆ ಉತ್ತರಿಸುತ್ತಲೇ ಇರಲಿಲ್ಲ. ಗಂಡನಿಗೆ ಏನು ಹಾಕಿದೆ, ಹೊಲಕ್ಕೆ ಏನು ಕಳಿಸಿದೆ, ಮಗು ಎಷ್ಟು ಉಂಡಿತು, ಬಂದ ನೆಂಟರಿಗೆ ಏನು ಮಾಡಿದೆ, ಇವನ್ನೆಲ್ಲ ತುತ್ತು ತುತ್ತಾಗಿ ಹೇಳುತ್ತಿದ್ದರು. "ನೀವು?" ಎಂದು ಮತ್ತೆ ಕೇಳಿದರೆ ಒಂದೇ ಮಾತು: "ಉಳಿದದ್ದು." ಬಾಗೇಪಲ್ಲಿ ಕಡೆಯ ಒಂದು ಮನೆಯಲ್ಲಿ ಒಬ್ಬರು ನಾನು ಮೂರನೆಯ ಸಲ ಕೇಳಿದಾಗ ತುಸು ಬೇಸರದಿಂದ, ನನಗೆ ತಿಳಿಯದ ಸಂಗತಿಯೊಂದನ್ನು ತಿಳಿಸುವವರಂತೆ, "ಎಲ್ಲರೂ ಉಂಡ ಮೇಲೆ ನನಗೆ ಹೊಟ್ಟೆ ತುಂಬಿರುತ್ತದಲ್ಲ" ಎಂದರು. ನನ್ನ ಸಮೀಕ್ಷೆಯ ನಮೂನೆಯಲ್ಲಿ ಆ ಉತ್ತರ ಬರೆಯಲು ಜಾಗವಿರಲಿಲ್ಲ.

ಆ ಹೆಂಗಸಿನ ಉತ್ತರದಲ್ಲಿಯೇ ನಿಮ್ಮ ಅತ್ತೆಯವರ ತಟ್ಟೆಗೂ ಉತ್ತರವಿದೆ ಎಂದು ನನಗೆ ಅನಿಸುತ್ತದೆ. ಐವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವರನ್ನು ನೀವು ಮೊದಲು ಕೂರಿಸಿ ಬಿಸಿಯಾಗಿ ಬಡಿಸುತ್ತಿದ್ದೀರಿ. ನೀವು ಮಾಡುತ್ತಿರುವುದು ಗೌರವ. ಆದರೆ ಅವರ ಲೋಕದಲ್ಲಿ ಕೂತಲ್ಲಿಗೆ ಮೊದಲ ತಟ್ಟೆ ಬರುವುದು ಇಬ್ಬರಿಗೆ ಮಾತ್ರ: ನೆಂಟರಿಗೆ ಮತ್ತು ರೋಗಿಗೆ. ಮಗನ ಮನೆಯಲ್ಲಿ ತಾನು ಈ ಇಬ್ಬರಲ್ಲಿ ಯಾರು ಎಂದು ಅವರಿಗೆ ಅನಿಸುತ್ತಿರಬಹುದು. ಅವರು ಕಳೆದುಕೊಂಡದ್ದು ಗಂಡನೊಬ್ಬರನ್ನೇ ಅಲ್ಲ. ಹೊಲ, ಒಲೆ, ಕಣದ ರಾಗಿ, ಸಂಜೆ ಎಷ್ಟು ಎಸರಿಡಬೇಕು ಎಂದು ನಿರ್ಧರಿಸುವ ಅಧಿಕಾರ, ಇವೆಲ್ಲ ಒಂದೇ ತಿಂಗಳಲ್ಲಿ ಕೈಬಿಟ್ಟವು. ಹೀಗೆ ಆದವರಿಗೆ ಉಣ್ಣಿಸುವುದಕ್ಕೆ ಹೊರಟರೆ ಅವರು ಉಣ್ಣುವುದಿಲ್ಲ. ಅವರಿಗೆ ಉಣ್ಣಿಸಲು ಯಾರನ್ನಾದರೂ ಕೊಡಬೇಕು.

ನೀವು ಎರಡು ಸಾಲಿನಲ್ಲಿ ಬರೆದು ಮುಂದೆ ಹೋದ ಆ ಹೆಚ್ಚಿನ ಮುದ್ದೆಯ ಬಳಿ ಸ್ವಲ್ಪ ನಿಲ್ಲೋಣ. ಮುದ್ದೆ ಕಟ್ಟುವವರಿಗೆ ಅಳತೆಯ ಪಾತ್ರೆ ಇರುವುದಿಲ್ಲ, ಆದರೆ ಪ್ರತಿಯೊಬ್ಬರ ಮುದ್ದೆಯ ಗಾತ್ರ ಕೈಗೆ ಗೊತ್ತಿರುತ್ತದೆ. ಉಳುವವನದು ಇಷ್ಟು, ಮಗುವಿನದು ಇಷ್ಟು, ಹಲ್ಲಿಲ್ಲದ ಅಜ್ಜಿಯದು ಸ್ವಲ್ಪ ಮೆತ್ತಗೆ. ಒದ್ದೆ ಕೈಯಲ್ಲಿ ಹಿಟ್ಟನ್ನು ಮುರಿದು ತಿರುಗಿಸುವಾಗ ಯಾರೂ ಯೋಚಿಸುವುದಿಲ್ಲ. ಐವತ್ತು ವರ್ಷ ದಿನಕ್ಕೆರಡು ಸಲ ನಿಮ್ಮ ಮಾವನವರ ಅಳತೆಯನ್ನು ಕಟ್ಟಿದ ಕೈ ಅದು. ಮನೆಯವರು ಹೋದರೆಂದು ಮನಸ್ಸಿಗೆ ತಿಳಿದಿದೆ, ಅಂಗೈಗೆ ಇನ್ನೂ ತಿಳಿದಿಲ್ಲ. ಇನ್ನೊಂದು ಕಾರಣವೂ ಸೇರಿರಬಹುದು: ಆ ಕಡೆಯ ಹಳ್ಳಿಗಳಲ್ಲಿ ಒಂದು ಮುದ್ದೆ ಹೆಚ್ಚಿಗೆ ಮಾಡುವುದು ಮನೆಯ ಮರ್ಯಾದೆ. ಹೊತ್ತು ಮೀರಿ ಯಾರಾದರೂ ಬಂದರೆ ಬರಿಗೈಯಲ್ಲಿ ಕಳಿಸಬಾರದು. ಯಾರೂ ಬರದಿದ್ದರೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಾರೆ, ಒಂದು ಚೂರೂ ಹಾಳಾಗುವುದಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಆ ಮುದ್ದೆಯನ್ನು ಅವರ ಕಣ್ಣೆದುರು ಕಸಕ್ಕೆ ಹಾಕಬೇಡಿ. "ಇಷ್ಟೇಕೆ ಮಾಡಿದಿರಿ" ಎಂದು ಕೇಳಲೂ ಬೇಡಿ. "ಮಾವನವರಿಗೆ ಯಾವ ಸಾರು ಇಷ್ಟವಿತ್ತು?" ಎಂದು ಕೇಳಿ. ಮಹಾಲಯ ಅಮಾವಾಸ್ಯೆಗೆ ನಾವು ತೀರಿಹೋದವರಿಗೆ ಅವರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡುತ್ತೇವಲ್ಲ, ಅದು ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಮಾಡುವುದು. ನಿಮ್ಮ ಅತ್ತೆಯವರು ಅದನ್ನು ಒಬ್ಬರೇ, ಭಾನುವಾರಗಳಲ್ಲಿ ಮಾಡುತ್ತಿದ್ದಾರೆ.

ಡಬ್ಬಿಗಳ ವಿಷಯ ಇದಕ್ಕಿಂತ ಸರಳ. 1965–66ರ ಬರಗಾಲದಲ್ಲಿ ಅವರು ಹತ್ತು ಹನ್ನೆರಡರ ಹುಡುಗಿ. ಅವರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಭತ್ತ, ಮಳೆ ಬಂದರೆ ರಾಗಿ, ಬಾರದಿದ್ದರೆ ಹೋದ ವರ್ಷದ ರಾಗಿ. ಹೋದ ವರ್ಷದ್ದು ಇರಬೇಕಾದರೆ ಯಾರೋ ಎತ್ತಿಟ್ಟಿರಬೇಕು. ರಾಗಿಗೆ ಹುಳು ಬೀಳುವುದು ಅಪರೂಪವಾದ್ದರಿಂದ ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಒಳಗೆ ಗಾಳಿಯಿದೆ ಎಂದು ಮನುಷ್ಯ ಇಳಿಯುತ್ತಿದ್ದ. ಅನ್ನ ಅವರಿಗೆ ಹಬ್ಬದ ಊಟ. 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿ ಪ್ರತಿದಿನದ್ದಾಗುವ ಹೊತ್ತಿಗೆ ಅವರಿಗೆ ಅರವತ್ತರ ಹತ್ತಿರ. ಮಂಚದ ಕೆಳಗಿನ ಹುರುಳಿ ಈ ಹಿನ್ನೆಲೆಯಿಂದ ಬಂದದ್ದು. ಅದನ್ನು ಅಲ್ಲಿಂದ ತೆಗೆಸುವ ಬದಲು ಅಡುಗೆಮನೆಯಲ್ಲಿ ಒಂದು ಅರೆಯನ್ನು ಅವರ ಹೆಸರಿಗೆ ಬಿಟ್ಟುಕೊಡಿ. ಬೀಗ ಕೇಳಿದರೆ ಬೀಗವನ್ನೂ ಕೊಡಿ.

"ಇದು ಸಂಗಟಿಯೇ ಅಲ್ಲ" ಎಂಬ ಮಾತು ನಿಮಗೆ ಚುಚ್ಚಿದೆ. ಒಂದು ಕ್ಷಣ ಅದನ್ನು ಸೊಸೆಯಾಗಿ ಕೇಳದೆ ಶಿಕ್ಷಕಿಯಾಗಿ ಕೇಳಿ, ಏಕೆಂದರೆ ಅವರು ಹೇಳುತ್ತಿರುವುದು ನಿಜ. ಅವರ ಕ್ರಮದಲ್ಲಿ ಎಸರು ಕುದಿಯುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ, ನಡುವೆ ಕೋಲು ಚುಚ್ಚಿ ಬಿಡುತ್ತಾರೆ. ಆ ತೂತಿನಿಂದ ಕುದಿ ಮೇಲೆ ಬಂದು ಹಿಟ್ಟು ಹಬೆಯಲ್ಲಿ ಬೇಯುತ್ತದೆ. ಹಸಿ ವಾಸನೆ ಹೋದ ಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಗಂಟಿಲ್ಲದಂತೆ ತೊಳಸುತ್ತಾರೆ. ಕುಕ್ಕರಿನಲ್ಲಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕೂಗಿಸಿದಾಗ ಪಿಷ್ಟವೆಲ್ಲ ನೀರು ಹೀರಿ ಅಂಟಾಗುತ್ತದೆ. ಮುದ್ದೆ ನುಣ್ಣಗೆ ಕಂಡರೂ ಗಂಟಲಲ್ಲಿ ಜಾರುವುದಿಲ್ಲ. ಅಂಗಡಿಯ ಪೊಟ್ಟಣದ ಹಿಟ್ಟಿಗೂ ಊರಿನ ರಾಗಿಯನ್ನು ಗಿರಣಿಯಲ್ಲಿ ಬೀಸಿಸಿದ ಹಿಟ್ಟಿಗೂ ವಾಸನೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ನಿಮ್ಮ ತಿಪಟೂರಿನ ಸಾರಿನಲ್ಲಿ ತೆಂಗು ಧಾರಾಳ, ಅದು ತೆಂಗಿನ ಸೀಮೆ. ಚಿಂತಾಮಣಿ ಕಡೆಯ ಹೊಲ ಕಡಲೆಕಾಯಿಯದು, ಅಲ್ಲಿ ಕಾಯಿತುರಿ ಹಾಕುವಾಗ ಕೈ ಹಿಡಿಯುತ್ತದೆ. ನಿಮ್ಮಲ್ಲಿ ಅದನ್ನು "ಹಿಟ್ಟು" ಎನ್ನುತ್ತಾರೆ, ತೆಲುಗು ಬೆರೆತ ಅವರ ಮಾತಿನಲ್ಲಿ ಅದು "ಸಂಗಟಿ". ಒಂದೇ ಧಾನ್ಯವಾದರೂ ಎರಡು ಮನೆತನಗಳ ನಾಲಿಗೆ. ನಿಮ್ಮ ಕೈರುಚಿಯಲ್ಲಿ ದೋಷವಿಲ್ಲ, ಅದು ಬೇರೆ ಊರಿನ ಕೈರುಚಿ.

ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಅವರು 1981ರಲ್ಲಿ ತಮಿಳು ಬ್ರಾಹ್ಮಣ ಮನೆಗಳ ಊಟದ ಬಗ್ಗೆ ಬರೆಯುತ್ತ, ಬಾಯಿಬಿಟ್ಟು ಆಡಲಾಗದ ಜಗಳಗಳು ಮನೆಯೊಳಗೆ ಊಟದ ಮೂಲಕ ನಡೆಯುತ್ತವೆ ಎಂಬುದನ್ನು ತೋರಿಸಿದರು. ಯಾರಿಗೆ ಮೊದಲು ಬಡಿಸಿದರು, ಯಾರು ಬೇಡವೆಂದರು ಎಂಬುದೆಲ್ಲ ಅಲ್ಲಿ ಸ್ಥಾನದ ಮಾತು. ನಮ್ಮ ಮುದ್ದೆಯ ಮನೆಗಳಲ್ಲೂ ನಾನು ಅದನ್ನೇ ಕಂಡಿದ್ದೇನೆ. ಅತ್ತೆ "ಹಸಿವಿಲ್ಲ" ಎಂದರೆ ಅದು ಹೊಟ್ಟೆಯ ಮಾತು ಮಾತ್ರವಾಗಿರಬೇಕಿಲ್ಲ, "ಈ ಮನೆಯಲ್ಲಿ ನಾನು ಯಾರು?" ಎಂಬ ಪ್ರಶ್ನೆಯೂ ಇರಬಹುದು. ಬೇಸರವೆಂದರೆ ಆ ಪ್ರಶ್ನೆ ನಿಜವಾಗಿ ಇರುವುದು ಮಗನಿಗೆ, ಅದು ಬಂದು ಬೀಳುತ್ತಿರುವುದು ನಿಮ್ಮ ಮೇಲೆ.

ಆದ್ದರಿಂದ ಈ ಭಾಗವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಸ್ವಾಮಿ, ತಾಯಿಯ ಕೈರುಚಿಯನ್ನು ಕಲಿಯಬೇಕಾದವರು ಹೆಂಡತಿಯಲ್ಲ, ಆ ರುಚಿಯಲ್ಲಿ ಬೆಳೆದ ನೀವು. ಊರಿನ ಬೀಗರ ಊಟದಲ್ಲಿ ದೊಡ್ಡ ಪಾತ್ರೆಗಳಲ್ಲಿ ಮುದ್ದೆ ತೊಳಸುವವರು ಗಂಡಸರೇ ಎಂಬುದು ನಿಮಗೆ ಗೊತ್ತಿದೆ. ಮನೆಯಲ್ಲಿ ಮಾತ್ರ ಆ ಕೋಲು ಏಕೆ ಭಾರವಾಗುತ್ತದೆ? 46 ಕಿಲೊ ತೂಗುವ ತಾಯಿಯ ತೋಳಿಗೆ ಈಗ ಐದು ಜನರ ಹಿಟ್ಟು ತೊಳಸುವ ಶಕ್ತಿಯಿಲ್ಲ. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಲಿ, ಎಸರು ಸಾಕೋ ಬೇಕೋ ಹೇಳಲಿ, ನೀವು ತೊಳಸಿ. ಕಟ್ಟುವುದನ್ನು ಅವರಿಗೆ ಬಿಡಿ. ವಾರದಲ್ಲಿ ಮೂರು ಸಂಜೆ ಹೀಗೆ ಮಾಡಿ. ಗಂಟಾದರೆ ಬೈಸಿಕೊಳ್ಳಿ. ಮಗನನ್ನು ಬೈಯುವಷ್ಟು ಗಟ್ಟಿ ಧ್ವನಿ ಆ ಮನೆಯಲ್ಲಿ ಅವರಿಗೆ ಇಷ್ಟು ದಿನ ಬಂದಿಲ್ಲ, ಬರಲಿ.

ಮತ್ತೆ ನಿಮಗೆ. ಆ ಮೂರು ಸಂಜೆ ನೀವು ಅಡುಗೆಮನೆಗೆ ಹೋಗಬೇಡಿ. ಇದು ನಿಮ್ಮ ಪಾಲಿಗೆ ಕಷ್ಟದ ಕೆಲಸ, ಏಕೆಂದರೆ ಡಬ್ಬಿಗಳ ಜಾಗ ಬದಲಾಗುತ್ತದೆ, ಒಗ್ಗರಣೆಗೆ ಎಣ್ಣೆ ಹೆಚ್ಚಾಗುತ್ತದೆ. ಆದರೂ ಸುಮ್ಮನಿರಿ. ಊರಿನಿಂದ ಹತ್ತು ಕಿಲೊ ರಾಗಿ ತರಿಸಿ ಮೊರದ ಜೊತೆಗೆ ಅವರ ಮುಂದಿಡಿ. ಕೇರಿ, ಕಲ್ಲು ಆರಿಸಿ, ಗಿರಣಿಗೆ ಕೊಡುವುದು ಅವರ ಕೆಲಸ. ಸೊಪ್ಪು ಕೊಳ್ಳಲು ಅವರನ್ನೇ ಕರೆದುಕೊಂಡು ಹೋಗಿ. ನೀವು ನಾನು ಪಾಲಕ್, ಮೆಂತ್ಯ, ದಂಟು ಎನ್ನುವಲ್ಲಿಗೆ ನಿಲ್ಲುತ್ತೇವೆ. ಅವರು ಅಣ್ಣೆ, ಗಣಕೆ, ಹೊನಗೊನೆ, ಕೀರೆ, ನುಗ್ಗೆ ಎಲ್ಲವನ್ನೂ ಬೆರಸಿ ಬೆರಕೆ ಸೊಪ್ಪು ಮಾಡಬಲ್ಲರು. ಹೊಲದ ಬದುವಿನಲ್ಲಿ ಯಾವ ಮಳೆಗೆ ಯಾವ ಸೊಪ್ಪು ಏಳುತ್ತದೆ ಎಂಬ ಜ್ಞಾನ ನನಗೆ ಯಾವ ತರಗತಿಯಲ್ಲೂ ಸಿಗಲಿಲ್ಲ, ಇಂಥ ಹೆಂಗಸರು ಕಲಿಸಿದರು. ಬಸ್ಸಾರು ಮಾಡಿಸಿ: ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದು ಪಲ್ಯ, ಒಂದು ಒಲೆಯ ಬೆಂಕಿಯಲ್ಲಿ ಎರಡು ಪದಾರ್ಥ.

ಪೋಷಣೆಯ ದೃಷ್ಟಿಯಿಂದಲೂ ಈ ತಟ್ಟೆಯಲ್ಲಿ ಕೊರತೆಯಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಮುಖ್ಯ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಅದು ಕಾಳುಗಳಲ್ಲಿ ಹೆಚ್ಚು. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಕಾಳಿನ ಸಾರು ಜೊತೆಯಾದದ್ದು ಬರೀ ರುಚಿಗಲ್ಲ. ತೂಕ ಇಳಿದವರಿಗೆ ಇದರ ಮೇಲೆ ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು, ಒಂದು ಚಮಚ ತುಪ್ಪ ಸೇರಲಿ. ದೊಡ್ಡ ಊಟ ಎರಡರ ಬದಲು ಸಣ್ಣದು ನಾಲ್ಕಾಗಲಿ, ಬೆಳಗ್ಗೆ ಹತ್ತರ ಸುಮಾರಿಗೆ ಅಂಬಲಿ ಇರಲಿ.

ಮಕ್ಕಳನ್ನು ಮುದ್ದೆಗೆ ಬಲವಂತ ಮಾಡಬೇಡಿ. ಅಗಿದರೆ ಹಲ್ಲಿಗೆ ಮೆತ್ತುತ್ತದೆ, ಅದಕ್ಕೇ ಅವರಿಗೆ ಅಸಹ್ಯ. ಮುರಿದು, ಸಾರಿನಲ್ಲಿ ಅದ್ದಿ, ಗುಳುಂ ಎನ್ನಿಸುವುದನ್ನು ಅಜ್ಜಿಯೇ ಕಲಿಸಬೇಕು, ಅದೂ ಮಕ್ಕಳು ಕೇಳಿದ ದಿನ. ಅಲ್ಲಿಯವರೆಗೆ ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿ ಅಜ್ಜಿಯ ಕೈಯಿಂದ ಉಂಡೆ ಕೊಡಿಸಿ. ಶಾಲೆಯಿಂದ ಬಂದಾಗ ಅದು ಎದುರಿಗಿದ್ದರೆ ಬೇಡ ಎನ್ನುವ ಮಗುವನ್ನು ನಾನು ಕಂಡಿಲ್ಲ.

ಮಾಗಿಯ ಚಳಿಗೆ ಅವರೆಕಾಯಿ ಬಂದಾಗ ಇನ್ನೊಂದು ಕೆಲಸ ಮಾಡಿ. ಇಬ್ಬನಿ ಕುಡಿದ, ಸೊಗಡು ಬೆರಳಿಗೆ ಅಂಟುವ ಕಾಯಿಯನ್ನು ಐದು ಕಿಲೊ ತನ್ನಿ. ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಎಲ್ಲರೂ ಸುತ್ತ ಕೂತು ಹಿಸುಕಬೇಕು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಹಸಿರು ಬೇಳೆ ಚಿಮ್ಮುತ್ತದೆ, ಮಕ್ಕಳಿಗೆ ಅದು ಆಟ. ಹಿಸುಕಿದ ಅವರೆಯನ್ನು ಒಬ್ಬರೇ ಕೂತು ಮಾಡಿದರೆ ಶಿಕ್ಷೆ, ನಾಲ್ಕು ಜನ ಕೂತರೆ ಕೈ ಓಡುತ್ತದೆ, ಮಾತೂ ಓಡುತ್ತದೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕಣ್ಣು ಕಾಳಿನ ಮೇಲಿರುತ್ತದೆ, ಆದ್ದರಿಂದ ಬೇರೆಡೆ ಹೊರಡದ ಮಾತು ಅಲ್ಲಿ ಹೊರಡುತ್ತದೆ. ನನ್ನ ತಂದೆ ಹೋದ ವರ್ಷ ನಮ್ಮ ತಾಯಿ ಅವರ ಬಗ್ಗೆ ಮೊದಲ ಸಲ ಬಾಯಿಬಿಟ್ಟದ್ದು ಅವರೆಕಾಳಿನ ತಟ್ಟೆಯ ಮುಂದೆ. ಎದುರಿಗಿದ್ದ ನಾನು ತಲೆಯೆತ್ತಲಿಲ್ಲ, ಎತ್ತಿದ್ದರೆ ಅವರು ನಿಲ್ಲಿಸಿಬಿಡುತ್ತಿದ್ದರು.

ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿರಬೇಕು. ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡದ ರೂಢಿ ನಿಮ್ಮಲ್ಲೂ ಇರಬಹುದು. ಹಬ್ಬವಿಲ್ಲವೆಂದರೆ ಹೋಳಿಗೆಯಿಲ್ಲ, ಎಳ್ಳು ಬೆಲ್ಲ ಬೀರುವುದಿಲ್ಲ, ನೆಂಟರಿಲ್ಲ. ಅಡುಗೆಯಲ್ಲಿ ಹೆಸರು ಪಡೆದ ಹೆಂಗಸಿಗೆ ಆ ವರ್ಷ ಕೈ ಕಟ್ಟಿಹಾಕಿದಂತೆ. ವರ್ಷ ಕಳೆದ ಮೇಲೂ, ಗಂಡನನ್ನು ಕಳೆದುಕೊಂಡವಳೆಂದು ಶುಭಕಾರ್ಯದ ಅಡುಗೆಯಿಂದ, ಬಡಿಸುವ ಸಾಲಿನಿಂದ ಅವಳನ್ನು ಮೆಲ್ಲಗೆ ಹಿಂದೆ ಸರಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದು ಕ್ರೌರ್ಯ, ಅದಕ್ಕೆ ಸಂಪ್ರದಾಯದ ಹೆಸರು ಕೊಟ್ಟರೂ ಕ್ರೌರ್ಯವೇ. ನಿಮ್ಮ ಮನೆಯ ಮೊದಲ ಯುಗಾದಿಗೆ ಹೂರಣದ ಹದ ನೋಡುವವರು, ಮೊದಲ ಹೋಳಿಗೆ ತಟ್ಟುವವರು ಅವರೇ ಆಗಿರಲಿ. ಯಾರಾದರೂ ಗೊಣಗಿದರೆ ಉತ್ತರ ನಿಮ್ಮ ಬಾಯಿಂದ ಬರಲಿ, ಅವರು ಉತ್ತರಿಸುವಂತಾಗಬಾರದು.

ಊಟಕ್ಕೆ ಕೂರುವಾಗ ಅವರಿಗೆ ಮೊದಲು ಬಡಿಸುವುದನ್ನು ಸದ್ಯಕ್ಕೆ ಬಿಡಿ. ಪಾತ್ರೆಯನ್ನು ಅವರ ಪಕ್ಕದಲ್ಲಿಡಿ, ಎಲ್ಲರಿಗೂ ಅವರೇ ಹಾಕಲಿ. ಆದರೆ ಅವರ ತಟ್ಟೆಯನ್ನು ಬೇರೆಯವರ ತಟ್ಟೆಗಳ ಜೊತೆಯಲ್ಲೇ ಇಡಿ. ಅವರು ತಮಗೆ ಹಾಕಿಕೊಳ್ಳುವವರೆಗೆ ಯಾರೂ ಕೈ ಹಚ್ಚದಿರಲಿ. "ಉಳಿದದ್ದು" ಎಂಬ ಉತ್ತರಕ್ಕೆ ಅವಕಾಶವಾಗಬಾರದು. ಮೊದಮೊದಲು ಮುಜುಗರಪಡುತ್ತಾರೆ, ಸಾರು ಆರುತ್ತಿದೆ ಎಂದು ಗದರುತ್ತಾರೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ತೂಕವನ್ನು ತಿಂಗಳಿಗೊಮ್ಮೆ, ಒಂದೇ ತೂಕದ ಯಂತ್ರದಲ್ಲಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮುಂದಿನ ತಿಂಗಳೂ ಇಳಿದರೆ ನನ್ನ ಉತ್ತರವನ್ನು ಪಕ್ಕಕ್ಕಿಟ್ಟು ಮತ್ತೆ ವೈದ್ಯರ ಬಳಿ ಹೋಗಿ. ನಿಂತರೆ ಅಥವಾ ಏರಿದರೆ, ಮೂರು ತಿಂಗಳ ನಂತರ ನನಗೊಂದು ಪತ್ರ ಬರೆಯಿರಿ. ಆ ಹೆಚ್ಚಿನ ಮುದ್ದೆಯನ್ನು ಈಗ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿರುವವರು ಯಾರು ಎಂಬುದನ್ನೂ ತಿಳಿಸಿ.